ಮಣ್ಣಿಗೆ ಇಳಿದ ತಂತಿ

ಕೊಪ್ಪದಲ್ಲಿ ನಾನು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಕಾಲದಲ್ಲಿ, ‘ಸ್ಟೇಷನ್ ಸರಿಯಾಗಿ ಹಿಡೀತಿಲ್ಲ’ ಎಂದು ಯಾರಾದರೂ ಸೆಟ್ಟು ತಂದರೆ ಹಿಂದಿನ ರಟ್ಟು ಬಿಚ್ಚುವ ಮೊದಲು ಎರಡು ಪ್ರಶ್ನೆ ಕೇಳುತ್ತಿದ್ದೆ. ಮನೆ ಗುಡ್ಡದ ಮೇಲೋ, ತೋಟದ ತಗ್ಗಿನಲ್ಲೋ? ಬಚ್ಚಲ ನೀರು ಯಾವ ಕಡೆ ಹರಿದು ಹೋಗುತ್ತದೆ? ಮೊದಲ ಪ್ರಶ್ನೆ ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ. ಎರಡನೆಯದನ್ನು ಕೇಳಿ ಹೊಸಬರು ನನ್ನ ಮುಖ ನೋಡುತ್ತಿದ್ದರು, ಹಳೆಯ ಮನೆಗಳ ಯಜಮಾನರು ಮಾತ್ರ ತಕ್ಷಣ ದಿಕ್ಕು ಹೇಳುತ್ತಿದ್ದರು. ಏಕೆಂದರೆ ಅವರ ಮನೆಯ ರೇಡಿಯೋದಿಂದ ಹೊರಟ ಒಂದು ತಾಮ್ರದ ತಂತಿ ಆ ಬಚ್ಚಲ ಹೊಂಡದ ಹಸಿ ಮಣ್ಣಿನಲ್ಲಿಯೇ ಹೂತಿರುತ್ತಿತ್ತು. ಮಲೆನಾಡಿನಲ್ಲಿ ಧ್ವನಿ ಆಕಾಶದಿಂದ ಬಂದದ್ದು ನಿಜ, ಆದರೆ ಅದನ್ನು ಮನೆಯೊಳಗೆ ನಿಲ್ಲಿಸಿದ್ದು ಮಣ್ಣು. ಈ ಮಾತನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅನಿಸಿತ್ತು. ಇದನ್ನು ಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ನಮ್ಮ ಸೀಮೆಗೆ ರೇಡಿಯೋ ಅಲೆ ಸುಲಭಕ್ಕೆ ಒಲಿಯುವುದಿಲ್ಲ. ಮೀಡಿಯಂ ವೇವ್ ಅಲೆ ಹಗಲು ಹೊತ್ತು ನೆಲಕ್ಕೆ ಅಂಟಿಕೊಂಡು ಸಾಗುತ್ತದೆ. ಬಯಲು ಸೀಮೆಯ ಎರೆಮಣ್ಣು, ಸಮುದ್ರದ ಉಪ್ಪುನೀರು ಅದನ್ನು ದೂರ ದೂರ ಒಯ್ಯುತ್ತವೆ. ಒಣಗಿದ ಜಂಬಿಟ್ಟಿಗೆ ಕಲ್ಲಿನ ನೆಲ, ಒಂದರ ಹಿಂದೊಂದು ಗುಡ್ಡ, ನಡುವೆ ದಟ್ಟ ಕಾಡು ಇದ್ದಲ್ಲಿ ಅದು ಹೆಜ್ಜೆ ಹೆಜ್ಜೆಗೂ ಸೊರಗುತ್ತದೆ. ಆಕಾಶದ ಮೇಲ್ಪದರದಿಂದ ಪುಟಿದು ಬರಬಹುದಾದ ಅಲೆಯನ್ನು ಹಗಲಿನಲ್ಲಿ ವಾತಾವರಣದ ಕೆಳಗಿನ ವಿದ್ಯುತ್ ಪದರ ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ದೂರದ ಸ್ಟೇಷನ್ನುಗಳೆಲ್ಲ ಒಟ್ಟಿಗೆ ಬಂದು ಒಂದರ ಮೇಲೊಂದು ಬಿದ್ದು ಜಗಳಕ್ಕೆ ನಿಲ್ಲುತ್ತವೆ. ಹಗಲು ಏನೂ ಇಲ್ಲ, ರಾತ್ರಿ ಎಲ್ಲವೂ ಇದೆ, ಬೇಕಾದದ್ದು ಮಾತ್ರ ಸಿಗದು. ಶೃಂಗೇರಿ, ತೀರ್ಥಹಳ್ಳಿ, ನರಸಿಂಹರಾಜಪುರ, ಎಲ್ಲ ಕಡೆ ಇದೇ ಪಾಡು.

ಈ ದೇಶದಲ್ಲಿ ಕ್ರಮಬದ್ಧ ಪ್ರಸಾರ ಶುರುವಾದದ್ದು 1927ರ ಜುಲೈ 23ರಂದು, ಮುಂಬಯಿಯಲ್ಲಿ. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಆ ಟ್ರಾನ್ಸ್‌ಮಿಟರ್ 1.5 ಕಿಲೋವ್ಯಾಟಿನದು. ಅದು ಸರಿಯಾಗಿ ಕೇಳಿಸುತ್ತಿದ್ದುದು ಸುಮಾರು 48 ಕಿಲೋಮೀಟರಿನ ಒಳಗೆ. ಎಂಟು ವರ್ಷದ ಮೇಲೆ, 1935ರ ಸೆಪ್ಟೆಂಬರ್ 10ರಂದು, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠ್ಠಲ ವಿಹಾರದಿಂದ ಆಕಾಶವಾಣಿ ಎಂಬ ಹೆಸರಿನಲ್ಲಿ ಪ್ರಸಾರ ಆರಂಭಿಸಿದರು. ಟ್ರಾನ್ಸ್‌ಮಿಟರ್ 30 ವ್ಯಾಟಿನದು, ಅಂದರೆ ಒಂದು ಸಣ್ಣ ಬಲ್ಬಿನಷ್ಟು ಶಕ್ತಿ. ಆ ಮೊದಲ ದಿನ ಮೈಕಿನ ಮುಂದೆ ಕುವೆಂಪು ತಮ್ಮ ಕವಿತೆ ಓದಿದರು. ನನಗೆ ಈ ಸಂಗತಿ ತಿಳಿದಾಗಿನಿಂದ ಮನಸ್ಸಿನಲ್ಲಿ ಒಂದು ನೋವಿನಂತೆ ಉಳಿದಿದೆ: ಕುವೆಂಪು ಹುಟ್ಟಿದ ಹಿರೇಕೊಡಿಗೆ ನಮ್ಮ ಕೊಪ್ಪ ತಾಲ್ಲೂಕಿನದು, ಬೆಳೆದ ಕುಪ್ಪಳಿ ಇಲ್ಲಿಗೆ ಹತ್ತಿರದ್ದು. 30 ವ್ಯಾಟಿನ ನೆಲದ ಅಲೆ ಅಷ್ಟು ಕಾಡು ಗುಡ್ಡ ದಾಟಿ ಈ ಊರುಗಳ ತನಕ ಬರುವುದು ಸಾಧ್ಯವೇ ಇರಲಿಲ್ಲ. ಮಲೆನಾಡಿನ ಕವಿ ಕನ್ನಡದ ಮೊದಲ ರೇಡಿಯೋದಲ್ಲಿ ಮಾತಾಡಿದರು, ಮಲೆನಾಡಿಗೆ ಕೇಳಿಸಲಿಲ್ಲ.

ನಮ್ಮ ಕಡೆಗೆ ಮೊದಲು ಬಂದ ಸೆಟ್ಟುಗಳು ಕಾಫಿ ಎಸ್ಟೇಟುಗಳ ಬಂಗಲೆಗಳಿಗೆ, ಆಮೇಲೆ ನಾಲ್ಕಾರು ದೊಡ್ಡ ಅಡಿಕೆ ತೋಟದ ಮನೆಗಳಿಗೆ ಬಂದವು. ನನಗೆ ಕೆಲಸ ಕಲಿಸಿದ ಗುರುಗಳು ಸಾಗರದ ಕಡೆಯವರು, ಎರಡನೆಯ ಮಹಾಯುದ್ಧದ ಕಾಲದ ಸೆಟ್ಟುಗಳನ್ನು ಬಿಚ್ಚಿ ಕಟ್ಟಿ ಪಳಗಿದವರು. ಯುದ್ಧದ ದಿನಗಳಲ್ಲಿ ಲಂಡನ್ನನ್ನೂ, ಕದ್ದು ಮುಚ್ಚಿ ಬರ್ಲಿನ್ನನ್ನೂ ಕೇಳುತ್ತಿದ್ದ ಮನೆಗಳ ಕತೆಗಳು ಅವರಲ್ಲಿದ್ದವು. 1942ರಲ್ಲಿ ಸುಭಾಷ್‌ಚಂದ್ರ ಬೋಸರ ಧ್ವನಿ ಬರ್ಲಿನ್‌ನಿಂದ ಶಾರ್ಟ್ ವೇವ್‌ನಲ್ಲಿ ಬರುತ್ತಿತ್ತು. ಅದೇ ವರ್ಷ ಉಷಾ ಮೆಹ್ತಾ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುಟ್ಟಾಗಿ ನಡೆಸಿದ ಕಾಂಗ್ರೆಸ್ ರೇಡಿಯೋ 42.34 ಮೀಟರಿನಲ್ಲಿತ್ತು. ಅಂಥ ದುರ್ಬಲ ಸಿಗ್ನಲ್ ಹಿಡಿಯಬೇಕೆಂಬ ಆಸೆಯೇ ಏರಿಯಲ್ ಕಟ್ಟುವ ವಿದ್ಯೆಯನ್ನು ಊರೂರಿಗೆ ಹಬ್ಬಿಸಿತು ಎಂದು ಗುರುಗಳು ಹೇಳುತ್ತಿದ್ದರು.

ಏರಿಯಲ್ ಕಟ್ಟುವುದಕ್ಕೆ ಒಂದು ಶಾಸ್ತ್ರವಿತ್ತು. ಏಳೆಳೆ ಹುರಿ ಮಾಡಿದ ತಾಮ್ರದ ತಂತಿ, ಉದ್ದ ಅರವತ್ತರಿಂದ ನೂರು ಅಡಿ, ನೆಲದಿಂದ ಕಡಿಮೆಯೆಂದರೂ ಮೂವತ್ತು ಅಡಿ ಮೇಲೆ. ಎರಡೂ ತುದಿಗೆ ಕೋಳಿಮೊಟ್ಟೆ ಆಕಾರದ ಪಿಂಗಾಣಿ ಇನ್ಸುಲೇಟರ್, ಮಳೆಗಾಲ ಜೋರಿರುವ ಊರಾದ್ದರಿಂದ ಒಂದರ ಬದಲು ಸಾಲಾಗಿ ಎರಡು. ಒಂದು ತುದಿಯಿಂದ ಕೆಳಗಿಳಿದ ತಂತಿ ಗೋಡೆಯಲ್ಲಿ ಕೂರಿಸಿದ ಪಿಂಗಾಣಿ ಕೊಳವೆಯೊಳಗೆ ನುಸುಳಿ ಸೆಟ್ಟಿಗೆ ಬರುತ್ತಿತ್ತು. ಆ ಕೊಳವೆ ಹೊರಗಡೆಗೆ ಸ್ವಲ್ಪ ಬಾಗಿರಬೇಕು, ಇಲ್ಲವಾದರೆ ಮಳೆನೀರು ತಂತಿ ಹಿಡಿದುಕೊಂಡೇ ಮನೆಯೊಳಗೆ ಬರುತ್ತದೆ. ತಂತಿ ಮರದ ಎಲೆಗೆ ತಾಗಬಾರದು, ಹಂಚಿಗೂ ತಾಗಬಾರದು. ಒದ್ದೆ ಎಲೆಗೆ ತಾಗಿದ ತಂತಿ ಹಿಡಿದದ್ದನ್ನೆಲ್ಲ ಅಲ್ಲೇ ಚೆಲ್ಲಿಬಿಡುತ್ತದೆ.

ಬಯಲು ಸೀಮೆಯವರಿಗೆ ಇಲ್ಲದ ಒಂದು ಅನುಕೂಲ, ಅದರ ಜೊತೆಗೇ ಒಂದು ತೊಂದರೆ ನಮಗಿತ್ತು. ಮೂವತ್ತು ಅಡಿ ಕಂಬ ನೆಡುವ ಬದಲು ಮನೆಯ ಮುಂದೆಯೇ ಐವತ್ತು ಅಡಿಯ ಅಡಿಕೆ ಮರಗಳಿದ್ದವು, ಕೊನೆ ಕೊಯ್ಯಲು ಬರುವ ಕೊನೆಗೌಡರು ಮರದಿಂದ ಮರಕ್ಕೆ ದಾಟುತ್ತ ತಂತಿ ಕಟ್ಟಿಕೊಡುತ್ತಿದ್ದರು. ಆದರೆ ಅಡಿಕೆ ಮರ ಗಾಳಿಗೆ ತೂಗುತ್ತದೆ. ಎರಡು ಮರ ಎರಡು ದಿಕ್ಕಿಗೆ ತೂಗಿದರೆ ತಂತಿ ಕಿತ್ತುಹೋಗುತ್ತದೆ. ಅದಕ್ಕೆ ಒಂದು ತುದಿಯನ್ನು ಗಟ್ಟಿಯಾಗಿ ಕಟ್ಟಿ, ಇನ್ನೊಂದು ತುದಿಯ ಹಗ್ಗವನ್ನು ಬಾವಿಯ ಗಡಗಡೆಯಂಥ ಸಣ್ಣ ರಾಟೆಯ ಮೇಲೆ ಹಾಯಿಸಿ ಕೆಳಗೆ ಒಂದು ಕಲ್ಲು ತೂಗಬಿಡುತ್ತಿದ್ದರು. ಮರ ಅತ್ತ ವಾಲಿದರೆ ಕಲ್ಲು ಮೇಲೇರುತ್ತದೆ, ಇತ್ತ ವಾಲಿದರೆ ಇಳಿಯುತ್ತದೆ, ತಂತಿಯ ಬಿಗಿ ಹಾಗೆಯೇ ಇರುತ್ತದೆ. ಪುಷ್ಯ ಮಳೆಯ ಗಾಳಿಗೆ ಆ ಕಲ್ಲು ಇಡೀ ದಿನ ಮೇಲೆ ಕೆಳಗೆ ಆಡುತ್ತಿರುವುದನ್ನು ಎಷ್ಟೋ ಅಂಗಳದಲ್ಲಿ ನೋಡಿದ್ದೇನೆ. ನಾನು ಕಂಡ ಎಂಜಿನಿಯರಿಂಗ್‌ನಲ್ಲಿ ಇಷ್ಟು ಸರಳವಾಗಿ, ಇಷ್ಟು ಸರಿಯಾಗಿ ಕೆಲಸ ಮಾಡಿದ್ದು ಕಡಿಮೆ.

ಇನ್ನು ಅರ್ತ್ ವಯರು, ಸೆಟ್ಟಿನಿಂದ ಮಣ್ಣಿಗೆ ಇಳಿಯುವ ಆ ತಂತಿ. ಏರಿಯಲ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಅರ್ತ್ ಕಾಣುವುದಿಲ್ಲ. ಆದ್ದರಿಂದಲೇ ಅದನ್ನು ಕಡೆಗಣಿಸುತ್ತಿದ್ದರು, ಆದ್ದರಿಂದಲೇ ಅರ್ಧಕ್ಕರ್ಧ ದೂರು ಅಲ್ಲಿ ಹುಟ್ಟುತ್ತಿತ್ತು. ಏರಿಯಲ್ ತಂತಿಯಲ್ಲಿ ಹುಟ್ಟುವ ಆ ಸಣ್ಣ ವಿದ್ಯುತ್ತು ಸೆಟ್ಟಿನ ಕಾಯಿಲ್ ಮೂಲಕ ಹಾದು ಎಲ್ಲಿಗಾದರೂ ಹೋಗಿ ಸೇರಬೇಕಲ್ಲ? ಕರೆಂಟಿನಲ್ಲಿ ನಡೆಯುವ ಸೆಟ್ಟಿಗೆ ಬೀದಿಯ ಕರೆಂಟು ತಂತಿಯೇ ಅರೆಬರೆ ಅರ್ತ್ ಆಗಿ ಒದಗುತ್ತದೆ. ಬ್ಯಾಟರಿ ಸೆಟ್ಟಿಗೆ ಆ ಆಸರೆಯೂ ಇಲ್ಲ. ಕರೆಂಟಿಲ್ಲದ ಊರಿನಲ್ಲಿ, ಮರದ ಮೇಜಿನ ಮೇಲೆ ಕೂತ ಬ್ಯಾಟರಿ ಸೆಟ್ಟು ಅರ್ತ್ ಇಲ್ಲದೆ ತನ್ನ ಏರಿಯಲ್ಲಿನ ಬಹುಪಾಲು ಪ್ರಯೋಜನವನ್ನು ಕಳೆದುಕೊಳ್ಳುತ್ತದೆ. ಸಿಗ್ನಲ್ ಕಡಿಮೆ ಇರುವ ಊರು, ಕರೆಂಟಿಲ್ಲದ ಊರು, ಬ್ಯಾಟರಿ ಸೆಟ್ಟಿನ ಊರು, ಮೂರೂ ಒಂದೇ ಆಗಿದ್ದರಿಂದ ಮಲೆನಾಡಿನಲ್ಲಿ ಮಣ್ಣಿನ ಕೆಲಸಕ್ಕೆ ಅಷ್ಟು ಬೆಲೆ.

ಗುರುಗಳ ಕ್ರಮ ಹೀಗಿತ್ತು. ಬಚ್ಚಲ ನೀರು ವರ್ಷವಿಡೀ ಹರಿಯುವ ಕಡೆ ಆಳೆತ್ತರದ ಗುಂಡಿ. ತಳಕ್ಕೆ ಒಂದು ಪದರ ಇದ್ದಿಲು, ಅದರ ಮೇಲೆ ಕಲ್ಲುಪ್ಪು, ಮತ್ತೆ ಇದ್ದಿಲು. ನಡುವೆ ತಾಮ್ರದ ತಗಡು. ತಗಡು ಕೊಳ್ಳಲಾಗದವರು ತೂತಾದ ತಾಮ್ರದ ಹಂಡೆಯ ತಳ ತಂದುಕೊಡುತ್ತಿದ್ದರು. ತಂತಿಯನ್ನು ತಗಡಿಗೆ ಸುತ್ತಿ ಬಿಟ್ಟರೆ ಎರಡೇ ಮಳೆಗಾಲಕ್ಕೆ ಕಿಲುಬು ಹಿಡಿಯುತ್ತದೆ, ಬೆಸುಗೆಯನ್ನೇ ಹಾಕಬೇಕು. ಬೇಸಗೆಯಲ್ಲಿ ಜಂಬಿಟ್ಟಿಗೆ ನೆಲ ಕಲ್ಲಾಗಿಬಿಡುವುದರಿಂದ, ಏಪ್ರಿಲ್‌ನಲ್ಲಿ ಸ್ಟೇಷನ್ ಇಳಿದುಹೋದರೆ ಸೆಟ್ಟು ಹೊತ್ತು ತರುವ ಮೊದಲು ಗುಂಡಿಗೆ ನಾಲ್ಕು ಕೊಡ ನೀರು ಹೊಯ್ದು ನೋಡಿ ಎನ್ನುತ್ತಿದ್ದೆವು. ನೀರು ಹೊಯ್ದು ಬಂದು ಕೇಳಿದವರ ಮುಖದ ಬೆರಗನ್ನು ನಾನು ಮರೆತಿಲ್ಲ. ಅದೇ ಅರ್ತ್ ಪ್ರಾಣ ಕಾಪಾಡುವುದೂ ಆಗಿತ್ತು. ಗೋಡೆಯ ಮೇಲೆ ಒಂದು ಚಾಕು ಸ್ವಿಚ್ಚು. ಮುಂಗಾರಿನ ಮೊದಲ ಗುಡುಗು ಕೇಳಿದೊಡನೆ ಅದನ್ನು ಕೆಳಗೆ ಒತ್ತಿದರೆ ಏರಿಯಲ್ ನೇರ ಮಣ್ಣಿಗೆ ಸೇರುತ್ತದೆ, ಸೆಟ್ಟು ಬೇರೆಯಾಗುತ್ತದೆ.

ಏರಿಯಲ್ ಕಟ್ಟಿದ ಮನೆ ದೂರದಿಂದಲೇ ಕಾಣುವುದರಿಂದ ಲೈಸೆನ್ಸ್ ನೋಡಲು ಬರುವವರಿಗೂ ಅನುಕೂಲವಾಗುತ್ತಿತ್ತು. ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ಪುಸ್ತಕ ಮಾಡಿಸಿ ವರ್ಷ ವರ್ಷ ಹಣ ಕಟ್ಟಿ ಸ್ಟಾಂಪು ಹಚ್ಚಿಸಬೇಕಿತ್ತು. ಕಟ್ಟದೆ ಉಳಿದವರು ತಂತಿಯನ್ನು ಅಟ್ಟದೊಳಗೆ, ಹಂಚಿನ ಕೆಳಗೆ ಓಡಿಸುತ್ತಿದ್ದರು. ಹಂಚಿನ ಕೆಳಗೂ ಅದು ಕೆಲಸ ಮಾಡುತ್ತಿತ್ತು, ಆದರೆ ಹೊರಗಿನಷ್ಟಲ್ಲ. ಎಂಬತ್ತರ ದಶಕದ ಮಧ್ಯದಲ್ಲಿ ಲೈಸೆನ್ಸ್ ರದ್ದಾಯಿತು. ಅಷ್ಟರಲ್ಲಿ ಹೆಚ್ಚಿನ ಏರಿಯಲ್ಲುಗಳೂ ಮಾಯವಾಗಿದ್ದವು.

ಧಾರವಾಡ ನಿಲಯ 1950ರ ಜನವರಿಯಲ್ಲಿ ಆರಂಭವಾಯಿತು. ಬೆಂಗಳೂರು 1955ರಲ್ಲಿ. ಎರಡೂ ನಮಗೆ ದೂರ. ಹಗಲು ಅವು ಒಳ್ಳೆಯ ಏರಿಯಲ್ ಇದ್ದವರಿಗೆ ಮಾತ್ರ ಕೇಳಿಸುವ ನಿಲಯಗಳು. ನಮ್ಮ ಲೋಕ ಬದಲಾದದ್ದು 1965ರ ಫೆಬ್ರುವರಿ 7ರಂದು, ಭದ್ರಾವತಿ ನಿಲಯ ಬಾಯಿ ತೆರೆದಾಗ. ಕಬ್ಬಿಣದ ಕಾರ್ಖಾನೆಯ ಊರು, ಕೊಪ್ಪದಿಂದ ಹಕ್ಕಿ ಹಾರುವ ದಾರಿಯಲ್ಲಿ ಐವತ್ತು ಕಿಲೋಮೀಟರಿನ ಆಸುಪಾಸು. ಅಡಿಕೆ ಧಾರಣೆ, ಕೃಷಿಯ ಮಾತು, ನಮ್ಮದೇ ಕಡೆಯವರ ನುಡಿ. ಪತ್ರಿಕೆ ಬಸ್ಸಿನಲ್ಲಿ ಬಂದು ಸೇರುವಾಗ ಮಧ್ಯಾಹ್ನವಾಗುತ್ತಿದ್ದ ಊರಿಗೆ ಬೆಳಗಿನ ವಾರ್ತೆ ಬೆಳಿಗ್ಗೆಯೇ ಬಂತು. ಬೇಡಿಕೆ ಎಷ್ಟು ಏರಿತೆಂದರೆ ನನ್ನಂಥ ಹುಡುಗನಿಗೂ ಗುರುಗಳ ಅಂಗಡಿಯಲ್ಲಿ ಕೆಲಸ ಸಿಕ್ಕಿತು.

ಆಗಿನ್ನೂ ಹಳ್ಳಿಯ ಹೆಚ್ಚಿನ ಸೆಟ್ಟುಗಳು ಬ್ಯಾಟರಿ ವಾಲ್ವಿನವು. ಡಿಕೆ 96, ಡಿಎಫ್ 96, ಡಿಎಎಫ್ 96, ಡಿಎಲ್ 96, ಈ ನಾಲ್ಕು ವಾಲ್ವಿನ ಹೆಸರು ನನಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ. ಇಟ್ಟಿಗೆಯಂಥ ಬ್ಯಾಟರಿ ಪ್ಯಾಕು, ಒಳಗೆ 90 ವೋಲ್ಟಿನದೊಂದು ಭಾಗ, 1.5 ವೋಲ್ಟಿನದೊಂದು ಭಾಗ. ತುಟ್ಟಿ ವಸ್ತು. ಆದ್ದರಿಂದ ವಾರ್ತೆ ಮುಗಿದೊಡನೆ ಯಜಮಾನರೇ ಎದ್ದು ಆಫ್ ಮಾಡುತ್ತಿದ್ದರು, ಹಾಡು ಹಬ್ಬಕ್ಕೆ ಮಾತ್ರ. ಪ್ಯಾಕು ಸೋಲುತ್ತ ಬಂದಾಗ ಡಯಲ್ಲಿನ ಕೆಳಗಿನ ತುದಿಯ ಸ್ಟೇಷನ್ನುಗಳು ಮೊದಲು ಹೋಗುತ್ತಿದ್ದವು. ಭದ್ರಾವತಿ ಅದೇ ತುದಿಯಲ್ಲಿ ಇದ್ದದ್ದರಿಂದ ‘ಭದ್ರಾವತಿ ಹೋಯ್ತು, ಬೇರೆಯದು ಇದೆ’ ಎಂದು ಯಾರಾದರೂ ಅಂದರೆ ಸೆಟ್ಟು ನೋಡದೆಯೇ ಪ್ಯಾಕು ಬದಲಾಯಿಸಿ ಎಂದು ಹೇಳಿ ಕಳಿಸಬಹುದಿತ್ತು.

ಆಮೇಲೆ ಟ್ರಾನ್ಸಿಸ್ಟರ್ ಬಂತು. ಬೆಂಗಳೂರಿನ ಬಿಇಎಲ್ ಕಾರ್ಖಾನೆ ಅರವತ್ತರ ದಶಕದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ಮಾಡತೊಡಗಿತ್ತು, ಎಸಿ 128 ಎಂದು ಬರೆದ ಸಣ್ಣ ಬೆಳ್ಳಿಬಣ್ಣದ ಡಬ್ಬಿಗಳು ನನ್ನ ಮೇಜಿನ ಮೇಲೆ ಸದಾ ಇರುತ್ತಿದ್ದವು. ಮರ್ಫಿ, ಫಿಲಿಪ್ಸ್, ಬುಷ್, ಎಲ್ಲವೂ ಹೆಗಲಿಗೆ ನೇತುಹಾಕುವ ಗಾತ್ರಕ್ಕೆ ಇಳಿದವು. ನಾಲ್ಕು ಟಾರ್ಚ್ ಸೆಲ್ಲು ಹಾಕಿದರೆ ತಿಂಗಳುಗಟ್ಟಲೆ. ಕೂಲಿ ಮಾಡುವವನೂ ಗದ್ದೆಯ ಬದುವಿನ ಮೇಲೆ ರೇಡಿಯೋ ಇಟ್ಟುಕೊಂಡು ನಾಟಿ ಮಾಡುವ ಹಾಗಾಯಿತು. ಇದು ಬಹು ದೊಡ್ಡ ಸಮತೆ, ಅದನ್ನು ಕಣ್ಣಾರೆ ಕಂಡದ್ದು ನನ್ನ ಭಾಗ್ಯ.

ಅದಕ್ಕೆ ತೆತ್ತ ಬೆಲೆ ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಟ್ರಾನ್ಸಿಸ್ಟರಿನ ಒಳಗೆ ಬೆರಳುದ್ದದ ಕಪ್ಪು ಫೆರೈಟ್ ಕಡ್ಡಿ ಇತ್ತು, ಅದೇ ಅದರ ಏರಿಯಲ್. ‘ತಂತಿ ಬೇಡ, ಅರ್ತ್ ಬೇಡ’ ಎಂದು ಮಾರುವವರು ಹೇಳಿದರು. ಸ್ಟೇಷನ್ನಿನ ಹತ್ತಿರ ಅದು ಸತ್ಯ. ನಮ್ಮ ಕಣಿವೆಗಳಲ್ಲಿ ಅಲ್ಲ. ನೂರಡಿ ತಂತಿ ಹಿಡಿಯುತ್ತಿದ್ದುದನ್ನು ಆ ಕಡ್ಡಿ ಹಿಡಿಯಲಾರದು. ಜನ ಹಳೆಯ ತಂತಿ ಬಿಚ್ಚಿ ಬಟ್ಟೆ ಒಣಗಿಸಲು ಕಟ್ಟಿಕೊಂಡರು, ಗುಂಡಿ ಮುಚ್ಚಿಹೋಯಿತು. ಸಿಗ್ನಲ್ ಸಾಲದೆ ಹೋದಾಗ ಸೌಂಡು ಏರಿಸಿದರು. ಸೌಂಡು ಏರಿಸಿದರೆ ಗರಗರ ಶಬ್ದವೂ ಅಷ್ಟೇ ಏರುತ್ತದೆ. ಬಂದ ಸಿಗ್ನಲ್ಲು ಶಬ್ದಕ್ಕಿಂತ ಎಷ್ಟು ಮೇಲಿದೆ ಎನ್ನುವುದು ತಂತಿಯ ಬಾಯಲ್ಲೇ ತೀರ್ಮಾನವಾಗಿರುತ್ತದೆ. ಅಲ್ಲಿ ಕಳೆದುಕೊಂಡದ್ದನ್ನು ಒಳಗಿನ ಯಾವ ಟ್ರಾನ್ಸಿಸ್ಟರೂ ತಂದುಕೊಡಲಾರದು. ನನ್ನ ಇಡೀ ಕಸುಬಿನಲ್ಲಿ ನಾನು ಇದಕ್ಕಿಂತ ಮುಖ್ಯವಾದದ್ದನ್ನು ಕಲಿಯಲಿಲ್ಲ.

ಹಾಗೆಂದು ಆ ಕಡ್ಡಿಯನ್ನು ಹಳಿಯಲಾರೆ, ಅದಕ್ಕೂ ಒಂದು ಗುಣವಿದೆ: ಅದು ದಿಕ್ಕು ಬಲ್ಲದು. ಕಡ್ಡಿಯ ಮೈ ಸ್ಟೇಷನ್ನಿನ ಕಡೆಗೆ ಅಡ್ಡವಾಗಿದ್ದರೆ ಪೂರ್ತಿ ಸಿಗ್ನಲ್, ತುದಿ ಸ್ಟೇಷನ್ನನ್ನು ನೋಡುತ್ತಿದ್ದರೆ ಹೆಚ್ಚುಕಡಿಮೆ ಏನೂ ಇಲ್ಲ. ಕೊಪ್ಪಕ್ಕೆ ಭದ್ರಾವತಿ ಸರಿಯಾಗಿ ಈಶಾನ್ಯ. ಆದ್ದರಿಂದ ಸೆಟ್ಟಿನ ಮುಖ ಈಶಾನ್ಯಕ್ಕೋ ನೈಋತ್ಯಕ್ಕೋ ಇರಬೇಕು. ಗೋಡೆಗೆ ಮೊಳೆ ಹೊಡೆದು ರೇಡಿಯೋ ನೇತುಹಾಕುವವರಿಗೆ ನಾನು ಮೊದಲು ಗೋಡೆ ಆರಿಸಿಕೊಡುತ್ತಿದ್ದೆ. ಎಷ್ಟೋ ಮನೆಗಳಲ್ಲಿ ಮೊಳೆ ಬದಲಾದದ್ದೇ ರಿಪೇರಿ. ತೊಂದರೆ ಕೊಡುವ ಶಬ್ದ ಒಂದು ಕಡೆಯಿಂದ ಬರುತ್ತಿದ್ದರೆ ಕಡ್ಡಿಯ ತುದಿಯನ್ನು ಅದರತ್ತ ತಿರುಗಿಸಿದರೆ ಶಬ್ದ ಅಡಗುತ್ತದೆ, ಸ್ಟೇಷನ್ ಸ್ವಲ್ಪ ಕುಗ್ಗಿದರೂ ಮಾತು ಸ್ಪಷ್ಟವಾಗುತ್ತದೆ.

ಕಾರ್ಖಾನೆಯಿಂದ ಬಂದ ಸೆಟ್ಟು ಇಡೀ ಡಯಲ್ಲಿಗೆ ಸಮನಾಗಿ ಹೊಂದಿಸಿದ್ದಾಗಿರುತ್ತದೆ. ನಮಗೆ ಇಡೀ ಡಯಲ್ ಬೇಕಿರಲಿಲ್ಲ. ಫೆರೈಟ್ ಕಡ್ಡಿಯ ಮೇಲಿನ ಕಾಯಿಲನ್ನು ಮೇಣ ಬಿಡಿಸಿ ಅತ್ತಿತ್ತ ಸರಿಸಿದರೆ ಕೆಳಗಿನ ತುದಿಯ ಸ್ಟೇಷನ್ನುಗಳು ಅರಳುತ್ತವೆ. ಮೇಲಿನ ತುದಿಗೆ ಟ್ರಿಮ್ಮರ್ ಎಂಬ ಸಣ್ಣ ತಿರುಪು. ಭದ್ರಾವತಿ ಹಚ್ಚಿಕೊಂಡು, ಹಗಲು ಹೊತ್ತಿನಲ್ಲಿ, ಸೌಂಡು ಕಡಿಮೆ ಇಟ್ಟು, ಕಾಯಿಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಜರುಗಿಸಿ ಧ್ವನಿ ತುಂಬಿಬಂದ ಜಾಗದಲ್ಲಿ ಬಿಸಿ ಮೇಣ ಸುರಿದು ನಿಲ್ಲಿಸುತ್ತಿದ್ದೆ. ನನ್ನ ಅಂಗಡಿಯಿಂದ ಹೋದ ಸೆಟ್ಟುಗಳೆಲ್ಲ ಹಾಗೆ ಭದ್ರಾವತಿಗೆ ಒಪ್ಪಿಸಿದವು.

ಅದೂ ಸಾಲದ ತೀರಾ ತಗ್ಗಿನ ಮನೆಗಳಿಗೆ, ಕಿಗ್ಗದ ಕಡೆ, ನರಸಿಂಹ ಪರ್ವತದ ಬುಡದ ಕಣಿವೆಗಳಿಗೆ, ಚೌಕಟ್ಟಿನ ಏರಿಯಲ್ ಮಾಡಿಕೊಡುತ್ತಿದ್ದೆ. ಅಡಿಕೆ ದಬ್ಬೆಯಿಂದ ಒಂದು ಮೀಟರ್ ಚೌಕದ ಕಟ್ಟು, ಅದರ ಮೇಲೆ ಎಂಟು ಸುತ್ತು ತಂತಿ, ತಂತಿಯ ಎರಡು ತುದಿಗೆ ಹಳೆಯ ವಾಲ್ವ್ ಸೆಟ್ಟಿನಿಂದ ತೆಗೆದ, ಸ್ಟೇಷನ್ ತಿರುಗಿಸುವ ಗ್ಯಾಂಗ್ ಕಂಡೆನ್ಸರ್. ಇದಕ್ಕೂ ರೇಡಿಯೋಕ್ಕೂ ತಂತಿಯ ಸಂಬಂಧವೇ ಇಲ್ಲ, ಪಕ್ಕದಲ್ಲಿ ಇಟ್ಟರೆ ಸಾಕು. ಗ್ಯಾಂಗನ್ನು ತಿರುಗಿಸುತ್ತ ಹೋದರೆ ಒಂದು ಜಾಗದಲ್ಲಿ, ಅದುವರೆಗೆ ಪಿಸುಗುಡುತ್ತಿದ್ದ ಸ್ಟೇಷನ್ ಕೋಣೆ ತುಂಬ ಮಾತಾಡತೊಡಗುತ್ತದೆ. ಸೆಲ್ಲು ಬೇಡ, ಕರೆಂಟು ಬೇಡ. ಓದುಗರಲ್ಲಿ ಯಾರಾದರೂ ಇಂದಿಗೂ ಇದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ನೋಡಬಹುದು.

ಮಳೆಗಾಲದ ಕತೆ ಬೇರೆ. ಆಗುಂಬೆಯಲ್ಲಿ 1946ರ ಆಗಸ್ಟ್ ಒಂದೇ ತಿಂಗಳು 4508 ಮಿಲಿಮೀಟರ್ ಮಳೆ ಬಿದ್ದ ದಾಖಲೆಯಿದೆ. ಅದರ ಪಕ್ಕದ ಊರುಗಳು ನಮ್ಮವು. ಜುಲೈ ಬಂದರೆ ಕಾಯಿಲುಗಳ ಮೇಲೆ ಬೂಷ್ಟು, ಗ್ಯಾಂಗಿನ ತಗಡುಗಳ ನಡುವೆ ತೇವ, ಬ್ಯಾಂಡ್ ಸ್ವಿಚ್ಚಿನಲ್ಲಿ ಕಿಲುಬು. ತೇವ ಹಿಡಿದ ಕಾಯಿಲಿನ ಚುರುಕು ಹೋಗಿ ಸ್ಟೇಷನ್ ಹರಡಿಕೊಳ್ಳುತ್ತದೆ. ಮಳೆ ನೆಲವನ್ನು ಒದ್ದೆ ಮಾಡಿ ಅರ್ತಿಗೆ ಅನುಕೂಲ ಮಾಡುತ್ತದೆ, ಅದೇ ಮಳೆ ಸೆಟ್ಟಿನ ಒಳಗೆ ಹೊಕ್ಕು ಆ ಅನುಕೂಲವನ್ನು ಕಸಿದುಕೊಳ್ಳುತ್ತದೆ. ಅಡಿಕೆ ಒಣಗಿಸುವ ಹೊಗೆ ಅಟ್ಟದ ಪಕ್ಕ, ಬೆಚ್ಚಗಿನ ಜಾಗದಲ್ಲಿ ರೇಡಿಯೋ ಇಡುತ್ತಿದ್ದ ಮನೆಗಳ ಸೆಟ್ಟು ವರ್ಷಗಟ್ಟಲೆ ಅಂಗಡಿಗೆ ಬರುತ್ತಿರಲಿಲ್ಲ.

ಗುರುಗಳ ಊರಿನ ಕಡೆಯ ಸಂಕಟ ನಮಗಿಂತ ದೊಡ್ಡದು. ಅರವತ್ತರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು, ಶರಾವತಿಯ ವಿದ್ಯುತ್ತು 220 ಕಿಲೋವೋಲ್ಟಿನ ತಂತಿಗಳಲ್ಲಿ ಶಿವಮೊಗ್ಗ ದಾಟಿ ಬೆಂಗಳೂರಿಗೆ ಹೋಯಿತು. ಅಷ್ಟು ಒತ್ತಡದ ತಂತಿಯ ಸುತ್ತ ಗಾಳಿಯೇ ಸಣ್ಣಗೆ ಸಿಡಿಯುತ್ತದೆ, ಮಳೆ ಮಂಜಿನಲ್ಲಿ ಇನ್ನೂ ಹೆಚ್ಚು. ಆ ಸಿಡಿತ ಮೀಡಿಯಂ ವೇವ್ ಸೆಟ್ಟಿನಲ್ಲಿ ನಿಲ್ಲದ ಕೊರಕೊರ ಶಬ್ದವಾಗಿ ಕೇಳುತ್ತದೆ. ಮುಳುಗಡೆಯಲ್ಲಿ ಮನೆ ಕಳೆದುಕೊಂಡು ಬೇರೆ ಕಡೆ ಬಂದು ಕೂತವರ ತಲೆಯ ಮೇಲೆ ಆ ತಂತಿ ಹಾದುಹೋಯಿತು, ಮನೆಗೆ ದೀಪ ಬರಲಿಲ್ಲ, ಇದ್ದ ರೇಡಿಯೋದ ಮಾತೂ ಹೋಯಿತು. ಗುರುಗಳು ರಜೆಗೆ ಊರಿಗೆ ಹೋದಾಗಲೆಲ್ಲ ಅಂಥ ಮನೆಗಳ ಏರಿಯಲ್ಲುಗಳನ್ನು ಹೈಟೆನ್ಷನ್ ತಂತಿಗೆ ನೇರ ಅಡ್ಡವಾಗಿ, ಲಂಬಕೋನದಲ್ಲಿ ತಿರುಗಿಸಿ ಕಟ್ಟಿಬರುತ್ತಿದ್ದರು. ದುಡ್ಡು ಕೇಳುತ್ತಿರಲಿಲ್ಲ.

ರಾತ್ರಿ ನಮ್ಮದು ಶಾರ್ಟ್ ವೇವ್. 1952ರ ಡಿಸೆಂಬರಿನಲ್ಲಿ ಶುರುವಾದ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ರೇಡಿಯೋ ಸಿಲೋನಿನಿಂದ ಬುಧವಾರ ರಾತ್ರಿ ಎಂಟಕ್ಕೆ. ಹಿಂದಿ ಬಾರದವರ ಮನೆಯಲ್ಲೂ ಅದು ನಡೆಯುತ್ತಿತ್ತು. ಏರುತ್ತ ಇಳಿಯುತ್ತ, ಅಲೆಯ ಮೇಲೆ ಅಲೆಯಾಗಿ ಬರುವ ಆ ಧ್ವನಿಗೆ ನಮ್ಮ ತಲೆಮಾರಿನ ಕಿವಿ ಎಷ್ಟು ಹೊಂದಿಕೊಂಡಿತ್ತೆಂದರೆ ಸ್ಪಷ್ಟವಾಗಿ ಕೇಳಿದರೆ ಏನೋ ಕಡಿಮೆಯಾದಂತೆ ಅನಿಸುತ್ತಿತ್ತು. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಗೆ ನಿಂತಾಗ ನಮ್ಮ ಸೀಮೆಯ ಹೆಸರು ಬಿಬಿಸಿಯಲ್ಲಿ ಬಂತು, ಅಂಗಡಿ ಮುಂದೆ ಜನ ತುಂಬಿ ಕೇಳಿದರು. ಅದೇ ತಿಂಗಳ 23ರಂದು ಜಗತ್ತಿನ ಬಹುಭಾಗದ ಮೀಡಿಯಂ ವೇವ್ ನಿಲಯಗಳು ಹೊಸ ಒಪ್ಪಂದದಂತೆ 9 ಕಿಲೋಹರ್ಟ್ಜ್ ಅಂತರದ ಹೊಸ ಜಾಗಗಳಿಗೆ ಸರಿದವು. ಭದ್ರಾವತಿಯ 675, ಧಾರವಾಡದ 765, ಬೆಂಗಳೂರಿನ 612, ಮೂರನ್ನೂ ಒಂಬತ್ತರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ. 1984ರ ಅಕ್ಟೋಬರ್ 31ರಂದು ಇಂದಿರಾ ಅವರ ಸಾವನ್ನು ಆಕಾಶವಾಣಿ ಸಂಜೆಯ ತನಕ ಹೇಳಲಿಲ್ಲ. ಶಾರ್ಟ್ ವೇವ್‌ಗೆ ಹೊರಗಿನ ತಂತಿ ಉಳಿಸಿಕೊಂಡ ಮನೆಗಳಲ್ಲಿ ಬಿಬಿಸಿಯಿಂದ ಮೊದಲೇ ತಿಳಿದಿತ್ತು.

ಟೆಲಿವಿಷನ್ ಬಂದ ಮೇಲೆ ಬಿದಿರಿನ ತುದಿಯಲ್ಲಿ ಅಲ್ಯುಮಿನಿಯಂ ಕಡ್ಡಿಗಳ ಆಂಟೆನಾ, ಬೂಸ್ಟರ್, ಭಾನುವಾರದ ರಾಮಾಯಣ. ಅದೆಲ್ಲ ಎಲ್ಲರಿಗೂ ಗೊತ್ತಿರುವ ಕತೆ, ಡಿಷ್ ಬಂದು ಅದೂ ಮುಗಿಯಿತು.

ಈಗ ನನ್ನಲ್ಲಿಗೆ ಬರುವ ಹುಡುಗರು ಬೇರೆ ಥರದವರು. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸಿನ ಪರೀಕ್ಷೆ ಬರೆದವರು, ಬರೆಯುವವರು. ಕೈಯಲ್ಲಿ ಚಾನೆಲ್ಲಿನಿಂದ ಚಾನೆಲ್ಲಿಗೆ ತಾನೇ ಜಿಗಿಯುವ ಸ್ಕ್ಯಾನರು. ಎರಡು ಮೀಟರಿನ ಹ್ಯಾಮ್ ಬ್ಯಾಂಡ್, ಅಂದರೆ 144ರಿಂದ 146 ಮೆಗಾಹರ್ಟ್ಜ್, ಇಲ್ಲಿ ಏನೂ ಕೇಳುವುದಿಲ್ಲ ಎಂದು ದೂರು. ಪೊಲೀಸ್ ವೈರ್‌ಲೆಸ್ಸನ್ನು ಕೇಳುವುದಕ್ಕೆ ನಮಗೆ ಹಕ್ಕಿಲ್ಲ, ಅದಕ್ಕೆ ಕೈ ಹಾಕಬೇಡಿ ಎಂದು ಮೊದಲು ಹೇಳಿ ಆಮೇಲೆ ಉಳಿದದ್ದು ಹೇಳುತ್ತೇನೆ. ಈ ಅಲೆ ನೆಲಕ್ಕೆ ಅಂಟುವುದಿಲ್ಲ, ಕಣ್ಣಿನ ದೃಷ್ಟಿಯಂತೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಉದ್ದಕ್ಕಿಂತ ಎತ್ತರ ದೊಡ್ಡದು. ಸ್ಕ್ಯಾನರಿನ ಮೇಲಿನ ರಬ್ಬರ್ ಕಡ್ಡಿ ತೆಗೆದು ಅರ್ಧ ಮೀಟರಿನ ಸರಳನ್ನು ಮಾಡಿನ ಮೇಲೆ ನಿಲ್ಲಿಸಿ, ಬುಡದಲ್ಲಿ ಮೂರು ನಾಲ್ಕು ಸರಳು ಹರಡಿ. ಕೇಬಲ್ಲಿನಲ್ಲಿ ಜಿಪುಣತನ ಬೇಡ: ತೆಳ್ಳನೆಯ ಆರ್‌ಜಿ 58 ಕೇಬಲ್ ಮೂವತ್ತು ಮೀಟರ್ ಎಳೆದರೆ ಮೇಲೆ ಹಿಡಿದದ್ದರಲ್ಲಿ ಕಾಲು ಭಾಗ ಮಾತ್ರ ಕೆಳಗೆ ಬರುತ್ತದೆ. ಬೂಸ್ಟರ್ ಬೇಕೇ ಬೇಕೆಂದರೆ ಅದು ಮೇಲೆ, ಆಂಟೆನಾದ ಬುಡದಲ್ಲಿರಬೇಕು. ಕೆಳಗಿಟ್ಟರೆ ದಾರಿಯಲ್ಲಿ ಸೋತದ್ದನ್ನೇ ದೊಡ್ಡದು ಮಾಡುತ್ತದೆ. ಮಿಂಚಿಗೆ ಅರ್ತ್ ಇರಲೇಬೇಕು. ಅದರ ಗುಂಡಿ ಎಲ್ಲಿ ತೋಡಬೇಕೆಂದು ತೋರಿಸಲು ನಾನೇ ಅಂಗಳಕ್ಕೆ ಬರುತ್ತೇನೆ.

ಮೀಡಿಯಂ ವೇವ್‌ಗೆ ಈಗಿನ ಶತ್ರು ಗುಡ್ಡವಲ್ಲ, ನಮ್ಮ ಮನೆಯೊಳಗಿನ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು. ಅಗ್ಗದ ಬಲ್ಬಿನೊಳಗಿನ ಸಣ್ಣ ಸರ್ಕ್ಯೂಟು ಡಯಲ್ಲಿನ ತುಂಬ ಗುಂಯ್‌ಗುಡುತ್ತದೆ. ಜನ ಭದ್ರಾವತಿ ಈಗ ಸರಿಯಾಗಿ ಬರುವುದಿಲ್ಲ ಎನ್ನುತ್ತಾರೆ. ಒಮ್ಮೆ ಮನೆಯ ಮೇನ್ ಸ್ವಿಚ್ಚು ಆರಿಸಿ, ಸೆಲ್ಲಿನ ರೇಡಿಯೋವನ್ನು ಈಶಾನ್ಯಕ್ಕೆ ಮುಖ ಮಾಡಿಟ್ಟು ಕೇಳಿ. ಅದು ಅಲ್ಲಿಯೇ ಇದೆ.

ದೇಶದ ಹಲವು ಕಡೆ ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳನ್ನು ನಿಲ್ಲಿಸಿದ್ದಾರೆ, ಎಫ್‌ಎಂ ಇದೆಯಲ್ಲ ಎನ್ನುತ್ತಾರೆ. ಎಫ್‌ಎಂ ನೇರ ನೋಟದ ಅಲೆ, ಗುಡ್ಡದ ಮರೆಯ ಮನೆಗೆ ಅದು ತಲುಪುವುದಿಲ್ಲ. ಮೊಬೈಲ್ ನೆಟ್‌ವರ್ಕ್ ಅಂತೂ ಕೇಳಬೇಡಿ, ಅದಿಲ್ಲವೆಂದು ಮತದಾನ ಬಹಿಷ್ಕರಿಸುವ ಬೋರ್ಡು ಹಾಕಿದ ಊರುಗಳು ನಮ್ಮ ಸುತ್ತಲೇ ಇವೆ. ಮಳೆಗೆ ಕರೆಂಟು ಹೋಗಿ, ಟವರಿನ ಬ್ಯಾಟರಿ ಖಾಲಿಯಾಗಿ, ರಸ್ತೆಗೆ ಮರ ಬಿದ್ದ ದಿನ ಕಣಿವೆಯ ಮನೆಗೆ ಹೊರಗಿನ ಮಾತು ಬರುವುದು ನೆಲ ಹಿಡಿದು ಬರುವ ಆ ಹಳೆಯ ಅಲೆಯಿಂದ ಮಾತ್ರ. ಭದ್ರಾವತಿಯ 675ರ ಬಗ್ಗೆ ತೀರ್ಮಾನ ಮಾಡುವವರಲ್ಲಿ ನನ್ನದೊಂದು ಬಿನ್ನಹ: ಆಗಸ್ಟ್ ತಿಂಗಳಲ್ಲಿ ಒಂದು ದಿನ ಕಿಗ್ಗದ ಕಡೆಗೆ ಬನ್ನಿ, ಒಂದು ಸಣ್ಣ ಟ್ರಾನ್ಸಿಸ್ಟರ್ ತನ್ನಿ, ಎಫ್‌ಎಂ ಮತ್ತು ಮೀಡಿಯಂ ವೇವ್ ಎರಡನ್ನೂ ಹಚ್ಚಿ ನೋಡಿ, ಆಮೇಲೆ ಕಡತಕ್ಕೆ ಸಹಿ ಹಾಕಿ.